ಬಾರ್ಲಿಯೋ, ಸೇಬೋ?

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಹಿತ್ತಾಳೆ ಕೊಳಗದೊಳಗಿಂದ ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿತು. ಗೇಣುದ್ದ ಕೂಡ ಇಲ್ಲ. ಹಾವಿನ ಹಾಗೆ ಎರಡು ಕಡೆ ಬಾಗಿ, ನಡುವೆ ಗುಳ್ಳೆಯಂತೆ ಉಬ್ಬಿಕೊಂಡಿದೆ. ಮನೆಗೆಲಸಕ್ಕೆ ಬರುವ ಮಾದೇವಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನಕ್ಕ, ಆಸ್ಪತ್ರೇಲಿ ಡ್ರಿಪ್ಪು ಆಕೋದಾ?" ಎಂದಳು.

"ಅಲ್ಲ ಕಣೆ, ಬೀರು ಮಾಡೋದು," ಎಂದೆ.

ಅವಳು ನನ್ನ ಮುಖ ನೋಡಿದಳು, ಹಣೆಯ ಕುಂಕುಮ ನೋಡಿದಳು, ಕೊಳವೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ಪಾಂಡವಪುರದಲ್ಲಿ, ತೊಂಬತ್ತರ ದಶಕದಲ್ಲಿ, ಹಾಲಿನ ಸಂಘದ ಸೂಪರ್‌ವೈಸರರ ಹೆಂಡತಿಯಾದ ನಾನು ಮನೆಯ ಉಗ್ರಾಣದಲ್ಲಿ ಬೀರು ಮಾಡಿದ್ದೆ ಎಂದರೆ ಮಾದೇವಿ ಏಕೆ, ನೀವೂ ನಂಬಲಿಕ್ಕಿಲ್ಲ. ಅಬಕಾರಿ ಕಾನೂನು ಏನು ಹೇಳುತ್ತದೆ ಎಂದು ಆಗ ನಾವು ಯಾರನ್ನೂ ಕೇಳಲಿಲ್ಲ. ಈಗ ನೀವೂ ಕೇಳಬೇಡಿ.

ಯೋಚಿಸಿ ನೋಡಿದರೆ ಇದರಲ್ಲಿ ಅಂಥ ವಿಶೇಷವೂ ಇಲ್ಲ. ಹಿಟ್ಟು ಹುದುಗು ಬರಿಸಲು ಗೊತ್ತಿಲ್ಲದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ನನ್ನ ತವರು ಬಾಬುರಾಯನಕೊಪ್ಪಲು. ಅಲ್ಲಿ ಚಳಿಗಾಲದ ಬೆಳಗಿನ ಜಾವ ಹೊಳೆ ಕಡೆಯಿಂದ ಬರುವ ಥಂಡಿಗೆ ದೋಸೆಹಿಟ್ಟು ಮೇಲೇಳುತ್ತಲೇ ಇರಲಿಲ್ಲ. ನಮ್ಮವ್ವ ಪಾತ್ರೆಗೆ ಹಳೆಯ ಸೀರೆ ಸುತ್ತಿ, ಒಲೆಯ ಪಕ್ಕದ ಬೆಚ್ಚನೆಯ ಬೂದಿಯ ಮೇಲೆ ಕೂರಿಸಿ, "ಮಲಗಿರು ತಾಯಿ" ಎಂದು ಅದಕ್ಕೆ ಹೇಳಿ ಬರುತ್ತಿದ್ದಳು. ಅಂಥವಳ ಮಗಳು ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹುಯ್ದ ಮೊದಲ ದೋಸೆ ಹೇಗಿತ್ತು ಗೊತ್ತೇ? ನಮ್ಮ ಮಾವ ಸದ್ದಿಲ್ಲದೆ ತಿಂದು, ಕೈ ತೊಳೆದು, "ಚಪಾತಿ ಚೆನ್ನಾಗದೆ ಕಣವ್ವ" ಎಂದಿದ್ದರು. ಗೇಲಿ ಮಾಡಲು ಹೇಳಿದ್ದಲ್ಲ. ನಿಜವಾಗಿಯೂ ಚಪಾತಿ ಎಂದೇ ತಿಳಿದಿದ್ದರು.

ಈ ಕಥೆಯೂ ಅವರದೇ. ಮಾವ ತಮ್ಮೇಗೌಡರು ಎಂದರೆ ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಎತ್ತು ಕೊಳ್ಳುವವರಿಗೆಲ್ಲ ಗೊತ್ತಿತ್ತು. ಹೇಮಗಿರಿ ಹತ್ತಿರದ ಊರು ಅವರದು. ಯಾರಾದರೂ ಜೋಡಿ ಕೊಳ್ಳಬೇಕಾದರೆ ಮೊದಲು ಮಾವನ ಮನೆಗೆ ಬಂದು, ಇವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಮಾವ ಎತ್ತಿನ ಮುಖವನ್ನು ಮೊದಲು ನೋಡುತ್ತಲೇ ಇರಲಿಲ್ಲ. ಹಿಂದೆ ನಿಂತು ಅದು ಮೆಲುಕು ಹಾಕುವ ಸದ್ದು ಕೇಳುತ್ತಿದ್ದರು, ಆಮೇಲೆ ಮೈಮೇಲಿನ ಸುಳಿ, ಆಮೇಲೆ ಗೊರಸು, ಕಟ್ಟಕಡೆಗೆ ಹಲ್ಲು. ಬೇಡವೆಂದರೆ ಬೇಡ. ಮಾರುವವನು ಕಾಲಿಗೆ ಬಿದ್ದರೂ ಬೇಡ.

ಟ್ರಾಕ್ಟರುಗಳು ಬಂದವು. ಮಾವನನ್ನು ಕರೆಯಲು ಬರುವ ಗಾಡಿಗಳು ಕಡಿಮೆಯಾದವು. ಅದೇ ಹೊತ್ತಿಗೆ ನಮ್ಮತ್ತೆ ತೀರಿಕೊಂಡರು. ಜಮೀನನ್ನು ಬೆಳೆಯಲ್ಲಿ ಪಾಲು ಬರುವಂತೆ ದಾಯಾದಿಗಳಿಗೆ ವಾರಕ್ಕೆ ಕೊಟ್ಟು, ಒಂದು ಕರಿ ಕಂಬಳಿ, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಮಾವ ಪಾಂಡವಪುರದ ನಮ್ಮ ಮನೆಗೆ ಬಂದರು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಗಳು ನಮ್ಮ ಬೀದಿಯಲ್ಲೇ ಹೋಗುತ್ತಿದ್ದವು. ಮಾವ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, "ಲೇ, ಬಲಗಡೇದು ಎಳೀತಾ ಇಲ್ಲ ಕಣ್ಲಾ, ಬಾರ ಎಲ್ಲ ಎಡಗಡೇದ್ರ ಮೇಲೇ ಬುಟ್ಟದೆ, ಬದಲಾಯ್ಸು" ಎಂದು ಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದರು. ಹಗಲು ಹೀಗೆ ಕಳೆಯುತ್ತಿತ್ತು. ಹೊತ್ತು ಇಳಿಯುತ್ತಿದ್ದಂತೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ. ಪ್ಯಾಕೆಟ್ ಸಾರಾಯಿಯ ಕಾಲ ಅದು. ಅಂಗಡಿ ಬೀದಿಯ ತುದಿಯಲ್ಲೇ ಇತ್ತು.

ಒಂದು ಸಂಜೆ ಕಬ್ಬಿನ ಗಾಡಿಯೊಂದು ನಮ್ಮ ಮನೆಯ ಮುಂದೆ ನಿಂತಿತು. ಗಾಡಿಯವನು ತಲೆಯ ಟವೆಲ್ ಬಿಚ್ಚಿ, "ಯಜಮಾನ್ರು ಮೋರೀಲಿ ಬಿದ್ದಿದ್ರು ಕಣಕ್ಕ. ಏಟು ಏನೂ ಆಗಿಲ್ಲ," ಎಂದ. ಖಾಲಿ ಗಾಡಿಯ ಸೋಗೆಯ ಮೇಲೆ ಮಾವ ಮಲಗಿದ್ದರು. ಅಂಗಿಯೆಲ್ಲ ಕೆಸರು. ಜೀವಮಾನವೆಲ್ಲ ಗಾಡಿಯ ಮೂಕಿಯ ಮೇಲೆ ರಾಜನಂತೆ ಕೂತು ಹೋದ ಮನುಷ್ಯನನ್ನು ನಾಲ್ಕು ಜನ ಕೈ ಹಿಡಿದು ಇಳಿಸಿದರು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡಿದರು.

ನಮ್ಮ ಯಜಮಾನರು ಸಿಟ್ಟಿನಿಂದ ಕುದಿದುಹೋದರು. "ಮಾನ ಮರ್ವಾದಿ ಏನಾದ್ರೂ ಅದಾ ನಿಮ್ಗೆ?" ಎಂದು ಅಪ್ಪನ ಮೇಲೆ ಕೂಗಾಡಿದರು. ಮರುದಿನ ನೋಡುತ್ತೇನೆ, ಮಾವ ಜಗುಲಿಯ ಮೇಲಿನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದಾರೆ. ಹಿಂದೆ ಗಾಡಿಗಳು ಗೆಜ್ಜೆ ಕುಣಿಸಿಕೊಂಡು ಹೋಗುತ್ತಿವೆ. ಇವರು ಸುಣ್ಣ ಬಳಿದ ಗೋಡೆ ನೋಡುತ್ತಿದ್ದಾರೆ. ಎತ್ತುಗಳಿಗೆ ಮುಖ ತೋರಿಸಲು ನಾಚಿಕೆ! ಬೀದಿಯವರಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಸಂಜೆಯಾದರೆ ಆ ಬೆನ್ನು ಎದ್ದು ಮತ್ತೆ ಅಂಗಡಿಗೇ ಹೋಗುತ್ತಿತ್ತು. ಹರಕೆ ಹೊತ್ತೆವು, ಆಣೆ ಹಾಕಿಸಿದೆವು, ಯಾವುದೂ ನಡೆಯಲಿಲ್ಲ.

ಹಾಗಿರುವಾಗ ನನ್ನ ತಮ್ಮ ನಾಗರಾಜ ರಜಕ್ಕೆ ಬಂದ. ಇವನು ಮೈಸೂರಿನ ಹೋಟೆಲಿನಲ್ಲಿ ಅಡುಗೆ ಕಲಿತು, ಹೇಗೋ ಸರಕು ಸಾಗಿಸುವ ಹಡಗಿನ ಅಡುಗೆಮನೆ ಸೇರಿದ್ದವನು. ಪ್ರತಿಸಲವೂ ಏನಾದರೂ ವಿಚಿತ್ರ ಹೊತ್ತು ತರುತ್ತಿದ್ದ. ಈ ಸಲ ತಂದದ್ದು ಯಾವುದೋ ಬಂದರಿನ ಅಂಗಡಿಯ ಬಣ್ಣಬಣ್ಣದ ಪುಸ್ತಕ. ಪುಟ ತುಂಬ ಡಬ್ಬಗಳ ಚಿತ್ರ.

"ಅಲ್ಲಿ ಜನ ಮನೇಲೇ ಬೀರು ಮಾಡ್ಕತಾರೆ ಕಣಕ್ಕ," ಎಂದ. "ಡಬ್ಬದೊಳಗೆ ಬಾರ್ಲಿ ಪಾಕ ಇರ್ತದೆ, ಜೋನಿ ಬೆಲ್ಲ ಇದ್ದಂಗೆ. ಬಿಸಿನೀರು, ಸಕ್ಕರೆ ಆಕಿ ಕಲ್ಸೋದು, ಉದುಗು ಬರ್ಸೋ ಪುಡಿ ಉದುರ್ಸೋದು, ಮುಚ್ಚೋದು. ಇನ್ನೊಂದು ತರ ಅದೆ, ಅದು ಸೇಬಿನ ಪಾಕದ್ದು, ಸೈಡರ್ ಅಂತಾರೆ."

ನನಗೆ ತಟ್ಟನೆ ಹೊಳೆಯಿತು. ಕುಡಿಯಲೇಬೇಕೆಂದಿದ್ದರೆ ಈ ಮನುಷ್ಯ ಮೋರಿಯ ಪಕ್ಕ ನಿಂತು ಪ್ಯಾಕೆಟ್ಟಿನ ಮೂಲೆ ಹಲ್ಲಿನಿಂದ ಕಚ್ಚಿ ಏಕೆ ಕುಡಿಯಬೇಕು? ಮನೆಯಲ್ಲಿ, ಕುರ್ಚಿಯ ಮೇಲೆ, ತೊಳೆದ ಲೋಟದಲ್ಲಿ, ಬಲ ಕಡಿಮೆ ಇರುವುದನ್ನು ಕುಡಿಯಲಿ. ಯಜಮಾನರಿಗೆ ಹೇಳಿದರೆ, "ನಿಂಗೇನು ತಲೆ ಕೆಟ್ಟದಾ?" ಎಂದರು. ಆಮೇಲೆ ಪುಸ್ತಕದ ಪುಟ ತಿರುವುತ್ತ, "ಬಾರ್ಲಿದೇ ಒಳ್ಳೇದು ಅನ್ಸುತ್ತೆ," ಎಂದೂ ಸೇರಿಸಿದರು. ಅವರ ಆಸೆ ನನಗೆ ಅರ್ಥವಾಯಿತು.

ನನ್ನ ಮನಸ್ಸು ಮೊದಲು ಸೇಬಿನ ಕಡೆಗೇ ಇತ್ತು. ಕಾರಣ ಹೇಳಲು ಈಗ ನಗು ಬರುತ್ತದೆ. ಪಕ್ಕದ ಮನೆಯವರು ಕೇಳಿದರೆ "ಸೇಬಿನ ರಸ ಕಣ್ರೀ" ಎಂದು ಗತ್ತಿನಿಂದ ಹೇಳಬಹುದಲ್ಲ! ಮಧ್ಯಾಹ್ನದ ಊಟವಾದ ಮೇಲೆ ಜಗುಲಿಯ ಮೇಲೆ ಪುಸ್ತಕ ಹರಡಿಕೊಂಡು ನಾವು ಮೂವರೂ ಚರ್ಚೆಗೆ ಕೂತೆವು. ಮಾವ ಎಂದಿನಂತೆ ಗೋಡೆ ನೋಡುತ್ತಿದ್ದರು. ಕಿವಿ ಮಾತ್ರ ನಮ್ಮ ಕಡೆಗಿತ್ತು.

"ಬಾರ್ಲಿ ಅಂದ್ರೆ ಉಚ್ಚೆ ಕಟ್ಟಿದೋರ್ಗೆ ಕಾಯ್ಸಿ ಕೊಡೋದಲ್ವೇನ್ಲಾ?" ಗೋಡೆಗೆ ಹೇಳಿದಂತೆ ಹೇಳಿದರು.

"ಅದೇ ಕಣ್ ಮಾವ," ಎಂದ ನಾಗರಾಜ.

"ಸೇಬು ಜರ ಬಂದೋರ್ಗೆ. ಒಟ್ನಲ್ಲಿ ಅಕ್ಕ ತಮ್ಮ ಇಬ್ರೂ ಸೇರಿ ನನ್ನ ಆಸ್ಪತ್ರೆಗೆ ಸೇರ್ಸೋಕೆ ನಿಂತವ್ರೆ."

ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಬಂದ ತಮಾಷೆ ಅದು. ನಾನು ಧೈರ್ಯ ಮಾಡಿ ತಮ್ಮನನ್ನು ಕೇಳಿದೆ: "ನಮ್ಮ ಸೆಖೆಗೆ ಯಾವುದು ಕೆಡುತ್ತೆ?"

"ಬಾರ್ಲಿದು ತಂಪು ಕೇಳ್ತದಕ್ಕ. ಬಿಸ್ಲು ತಗುಲಿದ್ರೆ ಕೆಟ್ಟ ವಾಸನೆ ಬಂದ್ಬುಡ್ತದೆ. ಸೇಬಿಂದು ಸಲೀಸು, ಎಂಗೋ ಆಯ್ತದೆ."

"ರುಚಿ?"

"ಸೇಬಿಂದು ಸೀ, ಒಸಿ ಉಳಿ. ಬಾರ್ಲಿದು ಕಹಿ."

ಆಗ ಕುರ್ಚಿ ಕಿರ್ರೆಂದಿತು. ಮಾವ ಅದನ್ನು ನಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ನನ್ನ ಬಾಯಿಂದ ಏನು ಬರುತ್ತದೋ ಎಂದು ನೋಡುತ್ತಿದ್ದರು.

ನಾನು ಯೋಚಿಸಿದೆ. ಗಂಟಲು ಸುಡುವುದನ್ನು ಕುಡಿದು ರೂಢಿಯಾದವರು ಇವರು. ಸಿಹಿ ಕೊಟ್ಟರೆ ಒಂದೇ ಗುಟುಕಿಗೆ ಮುಗಿಸಿ, ರಾಮನವಮಿ ಪಾನಕ ಎಂದು ಲೋಟ ಕೆಳಗಿಟ್ಟು, ಚಪ್ಪಲಿ ಹುಡುಕುತ್ತಾರೆ. ಕಹಿಯಾದರೆ ನಿಧಾನವಾಗಿ ಕುಡಿಯಬೇಕಾಗುತ್ತದೆ. ಕೂತಿರುತ್ತಾರೆ. ಇನ್ನು ತಂಪಿನ ಮಾತು. ಮಾರ್ಗಶಿರದಲ್ಲಿ ಶುರು ಮಾಡಿದರೆ ಅದಕ್ಕೂ ದಾರಿ ಇದೆ.

"ಬಾರ್ಲಿದೇ ತಾ," ಎಂದೆ.

"ಹಂಗಾದ್ರೆ ಈ ಕಪ್ಪುದು ತರ್ತೀನಿ, ಬಲೇ ಸ್ಟ್ರಾಂಗು," ಎಂದು ತಮ್ಮ ಒಂದು ಚಿತ್ರದ ಮೇಲೆ ಬೆರಳಿಟ್ಟ. ಯಜಮಾನರೂ ತಲೆಯಾಡಿಸಿದರು.

"ಅದು ಬೇಡ. ಇದರಲ್ಲೆಲ್ಲ ತೀರಾ ಬಲ ಕಮ್ಮಿ ಇರೋದು ಯಾವುದೋ ಅದು. ಬಲ ಬೇಕಾದ್ರೆ ಅಂಗಡೀಲೇ ಸಿಗುತ್ತಲ್ಲ."

ಮಾವ ಎದ್ದು ಒಳಗೆ ಹೋಗುವಾಗ ಹೊಸಿಲ ಬಳಿ ನಿಂತು, "ಬಣ್ಣ ನೋಡಿ ಮೋಸೋಗ್ಲಿಲ್ಲ ಈವಮ್ಮ," ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ತಮ್ಮ ಹೋದ. ಕೆಲವು ತಿಂಗಳ ಮೇಲೆ, ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಅವನ ಫೋನು ಬಂದಿದೆ ಎಂದು ಕರೆ ಬಂತು. ಓಡಿದೆ. ಬೂತಿನ ತುಂಬ ಜನ. ಆ ತುದಿಯಲ್ಲಿ ಸಮುದ್ರವೇ ಮೊರೆದಂತೆ ಸದ್ದು. "ಅಂಗಡೀಲೇ ನಿಂತಿವ್ನಿ ಅಕ್ಕ, ಯಾವ್ದು ಅಂದಿದ್ದೆ? ಸೇಬಿಂದಾ?" ಎಂದು ಕೂಗುತ್ತಿದ್ದಾನೆ. ಅಷ್ಟು ಜನರ ನಡುವೆ ನಾನು ಬೀರು ಎಂದು ಹೇಗೆ ಹೇಳಲಿ? "ಸೇಬಿಂದಲ್ಲ, ಆ ಇನ್ನೊಂದು," ಎಂದೆ. "ಕೇಳ್ತಾ ಇಲ್ಲ! ಸೇಬಿಂದಾ?" ಎಂದ. ನನಗೆ ತಡೆಯಲಾಗಲಿಲ್ಲ. "ಸೇಬಲ್ಲ ಕಣೋ! ಉಚ್ಚೆ ಕಟ್ಟಿದೋರ್ದು!" ಎಂದು ಕಿರುಚಿದೆ. ಹೊರಗೆ ಬರುವಾಗ ಹಿರಿಯರೊಬ್ಬರು ಕನಿಕರದಿಂದ ಮೈಸೂರಿನ ಒಳ್ಳೆಯ ಡಾಕ್ಟರೊಬ್ಬರ ಹೆಸರು ಹೇಳಿದರು.

ಮಾರ್ಗಶಿರದ ಹೊತ್ತಿಗೆ ತಮ್ಮ ಕಳಿಸಿದ ಡಬ್ಬ ಬಂತು. ಅದರ ಜೊತೆಗೆ ಬಂದದ್ದೇ ಈ ಬಾಗಿದ ಕೊಳವೆ. ಡ್ರಮ್ಮಿನ ಮುಚ್ಚಳಕ್ಕೆ ಸಿಕ್ಕಿಸಿ ಅದರೊಳಗೆ ನೀರು ಹಾಕಿದರೆ, ಒಳಗಿನ ಗಾಳಿ ಗುಳುಕ್ ಗುಳುಕ್ ಎಂದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಡ್ರಮ್ಮನ್ನು ಯಜಮಾನರು ಹಾಲಿನ ಕ್ಯಾನು ತೊಳೆದಷ್ಟೇ ಶ್ರದ್ಧೆಯಿಂದ ಕುದಿಯುವ ನೀರಿನಲ್ಲಿ ತೊಳೆದರು. ಪಾಕ ಕಲಸಿದಾಗ ಮನೆಯೆಲ್ಲ ಹುರಿದ ಧಾನ್ಯದ ಘಮ ತುಂಬಿತು. ಯಜಮಾನರು ಸುಮ್ಮನಿರಲಾರದೆ ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರನ್ನು ಅದರಲ್ಲಿ ಇಳಿಬಿಟ್ಟರು. "ಏನಂತದೆ?" ಎಂದೆ. "ಹಾಲಲ್ಲ ಅಂತದೆ," ಎಂದರು.

ಪುಡಿ ಉದುರಿಸಿ, ಮುಚ್ಚಿ, ನನ್ನ ಬುದ್ಧಿವಂತಿಕೆಯನ್ನೆಲ್ಲ ಖರ್ಚು ಮಾಡಿ, ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿ ಉಗ್ರಾಣದ ಕತ್ತಲ ಮೂಲೆಯಲ್ಲಿ ಇಟ್ಟೆ. ತಂಪು ಕೇಳುತ್ತದೆ ಎಂದಿದ್ದನಲ್ಲ.

ಒಂದು ದಿನವಾಯಿತು, ಗುಳುಕ್ ಎನ್ನಲಿಲ್ಲ. ಇನ್ನೊಂದು ದಿನವೂ ಹಾಗೇ ಹೋಯಿತು. ಕಿವಿಯಿಟ್ಟು ಕೇಳಿದೆ. ಸತ್ತ ಹಾಗೆ ಬಿದ್ದಿತ್ತು. ನನಗೆ ಅಳುವೇ ಬಂತು. ಅಷ್ಟು ದೂರದಿಂದ ಬಂದದ್ದು, ನಾನೇ ಆರಿಸಿದ್ದು, ಮೊದಲ ದೋಸೆಯ ಗತಿಯೇ ಇದಕ್ಕೂ ಬಂತಲ್ಲ ಎನ್ನಿಸಿತು. ಹೊತ್ತು ಇಳಿಯುತ್ತಿತ್ತು. ಮಾವ ಚಪ್ಪಲಿ ಮೆಟ್ಟಿಕೊಂಡಿದ್ದರು. ಬಾಗಿಲ ತನಕ ಹೋದವರು ಏಕೋ ಹಿಂದಕ್ಕೆ ಬಂದು ಉಗ್ರಾಣಕ್ಕೆ ಇಣುಕಿದರು. ನಾನು ಡ್ರಮ್ಮಿನ ಪಕ್ಕ ಕೂತಿದ್ದೆ.

"ಯಾಕವ್ವ?"

"ಏಳ್ತಾನೇ ಇಲ್ಲ ಮಾವ."

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು ಆಲಿಸಿದರು. ಆಮೇಲೆ ಅಂಗೈಯಿಟ್ಟು ಮುಟ್ಟಿ, "ಅಯ್ಯೋ, ನಡುಗ್ತಾ ಅದಲ್ಲವ್ವ!" ಎಂದರು. "ಈ ಚಳೀಲಿ ಉಟ್ಟಿದ ಕರುನ ಇಂಗೆ ಒದ್ದೆ ಗೋಣೀಲಿ ಸುತ್ತಿ ಮಡಗಿದ್ರೆ ಉಳ್ಕತದಾ? ತೆಗಿ, ತೆಗಿ." ಗೋಣಿಯನ್ನು ಕಿತ್ತು ಎಸೆದು, ತಮ್ಮ ಕರಿ ಕಂಬಳಿ ತಂದು ಡ್ರಮ್ಮಿಗೆ ಹೊದಿಸಿ, ಕೆಳಗೆ ಒಣಹುಲ್ಲು ಹಾಸಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೇಬಿಟ್ಟರು. ಅಂಗಡಿಯ ನೆನಪು ಅವರಿಗೆ ಬಂತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಒಳಗಿನಿಂದ ಕೂಗು ಬಂತು. "ಬಾರವ್ವ! ಉಸ್ರಾಡ್ತಾ ಅದೆ!" ಓಡಿಹೋದೆ. ಗುಳುಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಳುಕ್. ನಾನೂ ಮಾವನೂ ಮಗು ಹುಟ್ಟಿದ ಮನೆಯವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಅಂದಿನಿಂದ ಡ್ರಮ್ಮಿನ ಕಾವಲು ಅವರದು. ಮಧ್ಯಾಹ್ನ ಕಂಬಳಿ ಸಡಿಲಿಸುವರು, ಹೊತ್ತು ಮುಳುಗುವಾಗ ಬಿಗಿ ಮಾಡುವರು. ಆ ಹೊತ್ತಿಗೆ ಚಪ್ಪಲಿ ಮೆಟ್ಟಲು ಅವರಿಗೆ ಪುರುಸೊತ್ತಿರಲಿಲ್ಲ. ಒಂದೆರಡು ಸಂಜೆ ಮೈ ನಡುಗಿತು, ಊಟ ಸೇರಲಿಲ್ಲ, ಸಿಡುಕಿದರು. ಆದರೆ ಎದ್ದು ಹೋಗಲಿಲ್ಲ. ಬೀರು ಇನ್ನೂ ಯಾರ ಗಂಟಲಿಗೂ ಇಳಿದಿರಲಿಲ್ಲ, ಆಗಲೇ ತನ್ನ ಕೆಲಸ ಅರ್ಧ ಮುಗಿಸಿತ್ತು.

ಬಾಟಲಿಗಳು ಬೇಕಾದವು. ಗುಜರಿ ಅಂಗಡಿಯ ಸಾಬರ ಬಳಿ ಹೋಗಿ ಖಾಲಿ ಬೀರು ಬಾಟಲಿ ಕೇಳಿದೆ. ಅವರು ಗಡ್ಡ ನೀವಿಕೊಂಡು, "ಅರೆ ಅಕ್ಕಾ, ಎಲ್ಲಾರೂ ನಮ್ಗೆ ಖಾಲಿ ಬಾಟ್ಲಿ ಮಾರೋಕೆ ಬರ್ತಾರೆ, ನೀವು ತಗೊಳ್ಳೋಕೆ ಬಂದ್ರಿ! ಇದರಾಗೆ ಏನ್ ತುಂಬಿಸ್ತೀರಿ?" ಎಂದರು. "ಔಷಧಿ," ಎಂದೆ. ಸುಳ್ಳಲ್ಲವಷ್ಟೆ? ತೊಳೆದು, ತುಂಬಿ, ಬಿರಡೆ ಬಿಗಿದು, ಸಾಲಾಗಿ ಒರಗಿಸಿಟ್ಟೆವು.

ತೆರೆಯಲು ಸಂಕ್ರಾಂತಿಯ ಸಂಜೆಯೇ ಆಗಬೇಕೆಂದು ಮಾವ ಹೇಳಿದರು. ಬೀದಿಯಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಬೀದಿಗೆ ಮುಖ ಮಾಡಿ, ಒಗೆದ ಅಂಗಿ ತೊಟ್ಟು. ಎತ್ತುಗಳೆಲ್ಲ ಹೋದ ಮೇಲೆ ನಡುಮನೆಗೆ ಬಂದರು. ಬಿರಡೆ ತೆಗೆದಾಗ ಫಸ್ಸೆಂದು ನೊರೆ ಎದ್ದಿತು. ಜೇನಿನ ಬಣ್ಣ. ಲೋಟವನ್ನು ದೀಪಕ್ಕೆ ಹಿಡಿದು ನೋಡಿದರು, ಮೂಸಿದರು, ಕಿವಿಯ ಹತ್ತಿರ ಹಿಡಿದು ನೊರೆಯ ಸದ್ದನ್ನೂ ಕೇಳಿದರು. ಒಂದು ಗುಟುಕು ಕುಡಿದರು. ಇನ್ನೊಂದು.

"ಕಹಿ ಅದೆ," ಎಂದರು. "ಆದ್ರೆ ಮೋಸ ಇಲ್ಲ."

ಲೋಟ ಮುಗಿಯುವಷ್ಟರಲ್ಲಿ ಅತ್ತೆಯ ಬಗ್ಗೆ ಮಾತಾಡಿದರು. ಅವರು ಸತ್ತ ಮೇಲೆ ಮೊದಲ ಸಲ. ಯಜಮಾನರು ಅಪ್ಪನ ಪಕ್ಕ ನೆಲದ ಮೇಲೆ ಕೂತು ಕೇಳಿದರು. ಇಬ್ಬರ ಕಣ್ಣಲ್ಲೂ ನೀರಿತ್ತು. ಎರಡನೆಯ ಲೋಟ ಕೇಳಿದಾಗ ನಾನು ಅರ್ಧ ಮಾತ್ರ ಹುಯ್ದೆ. "ಇದೇನವ್ವ, ಪಡಿ ಅಕ್ಕಿ ಅಳ್ದಂಗೆ," ಎಂದರು, ಜಗಳವಾಡಲಿಲ್ಲ.

ಆಮೇಲೆ ಸಾರಾಯಿಯನ್ನು ಪೂರ್ತಿ ಬಿಟ್ಟರು ಎಂದರೆ ಸುಳ್ಳಾದೀತು. ಎಲ್ಲೋ ಒಂದೆರಡು ಸಲ ಜಾರಿದರು. ಆದರೆ ಮೋರಿಯಲ್ಲಿ ಮತ್ತೆಂದೂ ಬೀಳಲಿಲ್ಲ.

ಉಗ್ರಾಣದಲ್ಲಿ ಇನ್ನೂ ಕೆಲವು ಬಾಟಲಿ ಉಳಿದಿದ್ದ ಆ ಬೇಸಿಗೆಯಲ್ಲಿ ನಾಗಮಂಗಲದ ಕಡೆ ನಮ್ಮ ಬಳಗದ ಮದುವೆಯಾಗಿ ಬೀಗರೂಟಕ್ಕೆ ಹೋದೆವು. ಬೀಗರೂಟವೆಂದರೆ ನಿಮಗೆ ಗೊತ್ತೇ ಇದೆ. ಎಲೆಯ ಮೇಲೆ ಮುದ್ದೆ, ಮಾಂಸದ ಸಾರು. ಚಪ್ಪರದ ಹಿಂದೆ ನಿಲ್ಲಿಸಿದ ಟ್ರಾಕ್ಟರಿನ ಮರೆಯಲ್ಲಿ ಗಂಡಸರ ಗುಸುಗುಸು. ನಾನು ಸೆರಗು ಸಿಕ್ಕಿಸಿ ಮುದ್ದೆಯ ಮಂಕರಿ ಹಿಡಿದು ಬಡಿಸುತ್ತಿದ್ದೆ. ನೆಂಟನೊಬ್ಬ ಬಂದು ಮಾವನ ಹೆಗಲು ಮುಟ್ಟಿ, "ಗೌಡ್ರೆ, ಬನ್ನಿ, ಟ್ರಾಕ್ಟ್ರು ನೋಡ್ಕೊಂಡು ಬರಾವಾ," ಎಂದು ಕಣ್ಣು ಹೊಡೆದ.

ಮಾವ ಎಲೆ ಬಿಟ್ಟು ಏಳಲಿಲ್ಲ. "ಬ್ಯಾಡ ಕಣ್ಲಾ. ನಾನು ನಮ್ಮನೇದು ಬುಟ್ರೆ ಬ್ಯಾರೇದು ಮುಟ್ಟಾಕಿಲ್ಲ," ಎಂದರು.

"ನಿಮ್ಮನೇದಾ? ಯಾರು ಮಾಡ್ತಾರೆ?"

"ನನ್ ಸೊಸೆ."

ಸಾಲಿನಲ್ಲಿ ಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಎಲ್ಲರ ಕತ್ತೂ ನನ್ನ ಕಡೆಗೆ ತಿರುಗಿತು. ಯಜಮಾನರು ಎಲೆಯೊಳಗೇ ಮುಖ ಮುಚ್ಚಿಕೊಳ್ಳುವವರಂತೆ ಬಗ್ಗಿದರು. ಭೂಮಿ ಬಾಯಿಬಿಟ್ಟಿದ್ದರೆ ಮಂಕರಿಯ ಸಮೇತ ಇಳಿದುಹೋಗುತ್ತಿದ್ದೆ. ಮಾವ ಅಲ್ಲಿಗೂ ಬಿಡಲಿಲ್ಲ. ಎತ್ತಿನ ವ್ಯಾಪಾರ ಮುಗಿಸಿದ ಗಟ್ಟಿ ದನಿಯಲ್ಲಿ, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದರು: "ಸೀದೂ ಇತ್ತು, ಕಹೀದೂ ಇತ್ತು, ಬಲ ಇರೋದೂ ಇತ್ತು. ನಂಗೆ ಯಾವ್ದು ಒಗ್ತದೆ ಅಂತ ಅವ್ಳೇ ನೋಡಿ ಆರಿಸಿದ್ಳು. ನಾನು ಅರ್ಧ ಆಯಸ್ಸು ಎತ್ತು ಆರಿಸಿವ್ನಿ, ಇಷ್ಟು ಚೆಂದಾಗಿ ಆರಿಸಿಲ್ಲ ಕಣ್ರಯ್ಯಾ."

ಯಾರೂ ನಗಲಿಲ್ಲ. ಸಾಲಿನ ತುದಿಯಲ್ಲಿ ಕೂತಿದ್ದ ಮುದುಕಿಯೊಬ್ಬರು ಮಾತ್ರ ನನ್ನ ಸೆರಗು ಜಗ್ಗಿ ಹತ್ತಿರಕ್ಕೆ ಎಳೆದುಕೊಂಡರು. "ಅದೇನವ್ವ ಅದು? ನಂಗೂ ಒಂಚೂರು ಉಯ್ತೀಯಾ?"

ನಾನು ಬೆನ್ನು ನೆಟ್ಟಗೆ ಮಾಡಿ ಮಂಕರಿಯನ್ನು ಸೊಂಟಕ್ಕೇರಿಸಿಕೊಂಡೆ.

"ಇಲ್ಲಿ ಮುದ್ದೆ ಮಾತ್ರ ಕಣಜ್ಜಿ," ಎಂದೆ. "ಅದು ಬೇಕಾದ್ರೆ ನಮ್ಮನೆಗೆ ಬನ್ನಿ."